ಹೋಲ್ಡಾನ್... ರೈಟ್!

ವಾರಕ್ಕೆ ಎರಡು ದಿನ ಭದ್ರಾವತಿಯ ನ್ಯೂಟೌನ್‌ನಿಂದ ಶಿವಮೊಗ್ಗಕ್ಕೆ ಕಾರು ಓಡಿಸುವುದು ಈಗ ನನ್ನ ಕೆಲಸ. ಪಕ್ಕದ ಸೀಟಿನಲ್ಲಿ ಅಪ್ಪ. ಹಿಂದಿನ ಸೀಟಿನಲ್ಲಿ ಒಂದು ಹೊದಿಕೆ, ಫ್ಲಾಸ್ಕು, ಆಸ್ಪತ್ರೆಯ ಫೈಲು. ಬೆಳಿಗ್ಗೆ ಏಳಕ್ಕೆ ಡಯಾಲಿಸಿಸ್ ಯಂತ್ರಕ್ಕೆ ಹಾಕಿದರೆ ನಾಲ್ಕು ಗಂಟೆ. ಮುಗಿಸಿ, ಸ್ವಲ್ಪ ಹೊತ್ತು ಕೂತು, ರಕ್ತದೊತ್ತಡ ನೋಡಿ ಹೊರಡುವಾಗ ಮಧ್ಯಾಹ್ನ. 20 ಕಿಲೋಮೀಟರಿಗೂ ಕಡಿಮೆ ಇರುವ ಈ ದಾರಿಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಕಡದಕಟ್ಟೆ, ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ಎಂಆರ್‌ಎಸ್ ಸರ್ಕಲ್, ಆಮೇಲೆ ತುಂಗಾ ಸೇತುವೆ. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ ದಾರಿ ಇದು. ಸ್ಟೇರಿಂಗ್ ಹಿಂದಿನಿಂದ ನೋಡಿದರೆ ಅದೇ ದಾರಿ ಬೇರೆ ಎಂದು ಗೊತ್ತಾಗಿದ್ದು ಮಾತ್ರ ಇತ್ತೀಚೆಗೆ.

ನನಗೆ ಗಾಡಿ ಕಲಿಸಿದ್ದು ಅಪ್ಪ. ಅವರು ವಿಐಎಸ್‌ಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಾಗಿ ಶುರುವಾದ ಆ ಕಾರ್ಖಾನೆ ಊರಿಗೆ ಅನ್ನದ ಜೊತೆಗೆ ಅಗಲವಾದ, ಮರದ ನೆರಳಿನ ರಸ್ತೆಗಳನ್ನೂ ಕೊಟ್ಟಿತ್ತು. ಆ ರಸ್ತೆಗಳ ಮೇಲೆ ಭಾನುವಾರ ಬೆಳಿಗ್ಗೆ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ಕೂತು ಅಪ್ಪ ಎರಡೇ ಮಾತು ಹೇಳುತ್ತಿದ್ದರು. ನಿಲ್ಲಿಸಬೇಕಾದಾಗ 'ಹೋಲ್ಡಾನ್', ಹೋಗಬೇಕಾದಾಗ 'ರೈಟ್'. ನಮ್ಮ ಬಸ್ ಕಂಡಕ್ಟರುಗಳ ಭಾಷೆ ಅದು. ಬ್ರಿಟಿಷರು ಬಿಟ್ಟುಹೋದ ಇಂಗ್ಲಿಷಿನಲ್ಲಿ ನಮ್ಮ ರಸ್ತೆಗೆ ನಿಜವಾಗಿ ದಕ್ಕಿದ್ದು ಈ ಎರಡು ಮಾತೇ ಇರಬೇಕು.

ಆ ಇಂಗ್ಲಿಷಿನ ಮೂಲ ಊರಿನಲ್ಲಿ ನಾನು ಮೂರು ವರ್ಷ ಇದ್ದೆ. ಗಂಡನ ಕೆಲಸದ ನಿಮಿತ್ತ ಸ್ವಿಂಡನ್ ಎಂಬ ಊರು. ನಮ್ಮ ದೇಶದ ಲೈಸೆನ್ಸಿನಲ್ಲಿ ಅಲ್ಲಿ 12 ತಿಂಗಳು ಗಾಡಿ ಓಡಿಸಬಹುದು. ಅದಾದ ಮೇಲೆ ಅವರ ಪರೀಕ್ಷೆ ಪಾಸಾಗಬೇಕು. ಅವರೂ ರಸ್ತೆಯ ಎಡಗಡೆಯವರೇ, ನಾವೂ ಎಡಗಡೆಯವರೇ. ಇದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ. ಕಷ್ಟ ಎಡಬಲದ್ದಲ್ಲ, ವೃತ್ತದ್ದು.

ನಮ್ಮಲ್ಲಿ ಸರ್ಕಲ್ ಎಂದರೆ ನಿಲ್ಲುವ ಜಾಗ. 'ಗೋಪಿ ಸರ್ಕಲ್ ಹತ್ರ ಸಿಗು' ಎಂದರೆ ಶಿವಮೊಗ್ಗದಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಅಮೀರ್ ಅಹಮದ್ ಸರ್ಕಲ್ಲಿನಲ್ಲಿ ಪ್ರತಿಭಟನೆ ನಡೆಯುತ್ತದೆ, ಶಿವಪ್ಪ ನಾಯಕ ಸರ್ಕಲ್ಲಿನಲ್ಲಿ ಕೆಳದಿಯ ಅರಸ ಪ್ರತಿಮೆಯಾಗಿ ನಿಂತಿದ್ದಾನೆ, ಭದ್ರಾವತಿಯ ರಂಗಪ್ಪ ಸರ್ಕಲ್ಲಿನಲ್ಲಿ ಹಣ್ಣು ಕೊಳ್ಳುವವರು ನಿಲ್ಲುತ್ತಾರೆ. ಎಷ್ಟೋ ಸರ್ಕಲ್ಲುಗಳಲ್ಲಿ ವೃತ್ತವೇ ಇಲ್ಲ, ನಾಲ್ಕು ರಸ್ತೆ ಕೂಡಿದರೆ ಸಾಕು, ಹೆಸರು ಬರುತ್ತದೆ. ಇಂಗ್ಲೆಂಡಿನ ರೌಂಡಬೌಟ್ ಇದಕ್ಕೆ ತದ್ವಿರುದ್ಧ. ಅಲ್ಲಿ ವೃತ್ತ ಇದೆ, ಹೆಸರು ಬಹಳ ಕಡೆ ಇಲ್ಲ, ನಿಲ್ಲುವ ಹಾಗಂತೂ ಇಲ್ಲ. ಅದು ನಿಲ್ಲದೆ ದಾಟಲಿಕ್ಕೆಂದೇ ಮಾಡಿದ್ದು. ಮಕ್ಕಳು ಕೂತು ಗಿರಗಿರನೆ ತಿರುಗುವ ಆಟದ ಸಾಮಾನಿಗೂ ಅವರು ರೌಂಡಬೌಟ್ ಎಂದೇ ಹೇಳುತ್ತಾರೆ. ನನ್ನ ಮೊದಲ ದಿನಗಳ ಅನುಭವ ಆ ಎರಡನೇ ಅರ್ಥಕ್ಕೇ ಹತ್ತಿರ. ಹೊರಬರುವ ದಾರಿ ತಪ್ಪಿ ಒಂದೇ ವೃತ್ತವನ್ನು ಮೂರು ಸುತ್ತು ಹಾಕಿದ್ದೇನೆ. ದೇವಸ್ಥಾನದಲ್ಲಾದರೆ ಪುಣ್ಯವಾದರೂ ಬರುತ್ತಿತ್ತು.

ಸ್ವಿಂಡನ್ನಿನಲ್ಲಿ 'ಮ್ಯಾಜಿಕ್ ರೌಂಡಬೌಟ್' ಎಂಬುದೊಂದಿದೆ. ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರ್ ರೂಪಿಸಿದ್ದು, 1972ರದ್ದು. ಐದು ರಸ್ತೆ ಬಂದು ಸೇರುವ ಕಡೆ ಐದು ಪುಟ್ಟ ವೃತ್ತಗಳು, ಅವುಗಳ ನಡುವೆ ಮತ್ತೊಂದು. ಹೊರಗಿನ ಸುತ್ತಿನಲ್ಲಿ ಗಾಡಿಗಳು ಗಡಿಯಾರದ ಮುಳ್ಳಿನಂತೆ ಹೋದರೆ, ಒಳಗಿನ ಸುತ್ತಿನಲ್ಲಿ ಅದರ ಉಲ್ಟಾ. ಫೋನಿನಲ್ಲಿ ಇದರ ಚಿತ್ರ ಕಳಿಸಿದಾಗ ಅಪ್ಪ, "ಇದೇನು ಪುಟ್ಟಿ, ರಸ್ತೆ ಮಾಡಿದ್ದಾರೋ ಚಕ್ಕುಲಿ ಒತ್ತಿದ್ದಾರೋ?" ಎಂದರು. ಆಮೇಲೆ ಒಂದು ವಾರ ಬಿಟ್ಟು ಅವರೇ ಫೋನು ಮಾಡಿ, "ಅಲ್ಲಿ ಒಳಗೆ ಹೋದವನು ಮೊದಲಾ, ಒಳಗೆ ಬರೋನು ಮೊದಲಾ?" ಎಂದು ಕೇಳಿದರು. ಯಂತ್ರಗಳ ನಡುವೆ ಜೀವನ ಕಳೆದವರು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಇಡೀ ವಿದ್ಯೆ ಇರುವುದು ಆ ಪ್ರಶ್ನೆಯ ಉತ್ತರದಲ್ಲೇ. ಹೊರಗಿನಿಂದ ನುಗ್ಗುವವನಿಗೆ ಮೊದಲ ಹಕ್ಕು ಎಂದಿಟ್ಟುಕೊಳ್ಳಿ. ಎಲ್ಲ ದಿಕ್ಕಿನಿಂದಲೂ ಜನ ನುಗ್ಗುತ್ತಾರೆ, ವೃತ್ತ ತುಂಬುತ್ತದೆ. ಒಳಗಿರುವವನು ಹೊರಗೆ ಹೋಗಲು ಮುಂದಿನವನು ಸರಿಯಬೇಕು, ಮುಂದಿನವನು ಸರಿಯಲು ಅವನ ಮುಂದಿನವನು. ವೃತ್ತವಾದ್ದರಿಂದ ಆ ಸಾಲು ಸುತ್ತಿಕೊಂಡು ಮೊದಲಿನವನ ಹಿಂದಕ್ಕೇ ಬಂದು ನಿಲ್ಲುತ್ತದೆ. ಅಲ್ಲಿಗೆ ಬೀಗ ಬಿತ್ತು. ಒಳಗಿರುವವನಿಗೆ ಮೊದಲ ಹಕ್ಕು ಎಂದರೆ ವೃತ್ತ ಸದಾ ಖಾಲಿಯಾಗುತ್ತಲೇ ಇರುತ್ತದೆ, ಖಾಲಿಯಾದಷ್ಟು ಹೊರಗಿನವರು ಒಳಗೆ ಬರುತ್ತಾರೆ. ಬ್ರಿಟನ್ನಿನಲ್ಲಿ ಈ ನಿಯಮ ಬಂದದ್ದು 1966ರಲ್ಲಿ. ಗಾಡಿಗಳು ಗಡಿಯಾರದ ಮುಳ್ಳಿನಂತೆ ಸುತ್ತುವುದರಿಂದ ಒಳಗಿರುವವನು ಯಾವಾಗಲೂ ನಮ್ಮ ಬಲಕ್ಕೇ ಇರುತ್ತಾನೆ. ಹಾಗಾಗಿ ನಿಯಮ ಇಷ್ಟೇ: ಬಲಗಡೆಯವನಿಗೆ ದಾರಿ ಬಿಡು. ಬಲಕ್ಕೆ ಮಾತ್ರ ನೋಡು. ಎಡಗಡೆಯಿಂದ ಯಾರೂ ಬರುವುದಿಲ್ಲ.

ಎಡಗಡೆಯಿಂದ ಯಾರೂ ಬರುವುದಿಲ್ಲ ಎಂಬುದನ್ನು ಭದ್ರಾವತಿಯಲ್ಲಿ ಗಾಡಿ ಕಲಿತ ಕುತ್ತಿಗೆಗೆ ಒಪ್ಪಿಸುವುದು ಹೇಗೆ? ಮೊದಲ ಪರೀಕ್ಷೆಯಲ್ಲಿ ನಾನು ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಕನ್ನಡಿ ನೋಡಿದೆ, ಮತ್ತೆ ಬಲಕ್ಕೆ ನೋಡಿದೆ. ಅಷ್ಟರಲ್ಲಿ ಎರಡು ಸಲ ಜಾಗ ಸಿಕ್ಕಿ ಎರಡು ಸಲವೂ ಹೋಯಿತು. ಪಕ್ಕದಲ್ಲಿ ಕೂತ ಪರೀಕ್ಷಕರು ಏನೂ ಹೇಳಲಿಲ್ಲ. ಅವರು ಹೇಳುವ ಹಾಗಿಲ್ಲ. 40 ನಿಮಿಷ ಸುಮ್ಮನೆ ಗುರುತು ಹಾಕಿಕೊಂಡು ಕೊನೆಗೆ ಫಲಿತಾಂಶ ಹೇಳುತ್ತಾರೆ. ಸಣ್ಣ ತಪ್ಪು 15ರವರೆಗೆ ಕ್ಷಮಿಸುತ್ತಾರೆ, ದೊಡ್ಡದು ಒಂದಾದರೂ ನಪಾಸು. ನನ್ನ ದೊಡ್ಡ ತಪ್ಪು ಅನಗತ್ಯ ಹಿಂಜರಿಕೆ. ಹಿಂಜರಿಯುವುದೂ ಒಂದು ತಪ್ಪು ಎಂದು ಯಾರಾದರೂ ಬರೆದುಕೊಟ್ಟಿದ್ದು ಅದೇ ಮೊದಲು. ಎರಡನೇ ಸಲ ಹಿಂಜರಿಯಬಾರದೆಂದು ನುಗ್ಗಿದೆ. ಬಲಗಡೆಯಿಂದ ಬರುತ್ತಿದ್ದ ವ್ಯಾನು ಬ್ರೇಕು ಹಾಕಬೇಕಾಯಿತು. ಮತ್ತೆ ನಪಾಸು. ಮೂರನೇ ಸಲ ಪಾಸಾದೆ. ಆ ಹೊತ್ತಿಗೆ ಅಲ್ಲಿನ ಭಾಷೆ ಸ್ವಲ್ಪ ತಿಳಿದಿತ್ತು. ಎದುರಿನವನು ಹೆಡ್‌ಲೈಟು ಮಿಣುಕಿಸಿದರೆ ಬಹುಪಾಲು 'ನೀವು ಹೋಗಿ' ಎಂದರ್ಥ, ನಮ್ಮ ಬಿ.ಎಚ್. ರಸ್ತೆಯಲ್ಲಿ ಅದರ ಅರ್ಥ 'ನಾನು ಬಂದೆ, ನೀನು ನಿಲ್ಲು'. ಇದನ್ನು ಅದಲುಬದಲು ಮಾಡಿಕೊಂಡರೆ ಎರಡೂ ದೇಶದಲ್ಲಿ ಆಸ್ಪತ್ರೆಯೇ ಗತಿ. ಬೇಲಿಗಳ ನಡುವಿನ ಹಳ್ಳಿ ರಸ್ತೆಗಳಲ್ಲಿ ಎರಡು ಕಾರು ಹಿಡಿಸುವುದಿಲ್ಲ, ಆದರೆ ವೇಗದ ಮಿತಿ ಮಾತ್ರ ಗಂಟೆಗೆ 60 ಮೈಲಿ. ಎದುರುಬದುರಾದರೆ ಒಬ್ಬರು ಹಿಂದೆ ಸರಿಯುತ್ತಾರೆ, ಇನ್ನೊಬ್ಬರು ಕೈಯೆತ್ತಿ ನಮಸ್ಕಾರ ಹೇಳಿ ಹೋಗುತ್ತಾರೆ. ಆ ಎತ್ತಿದ ಕೈ ನನಗೆ ಬಹಳ ಇಷ್ಟವಾಗಿತ್ತು.

ಪಾಸಾದ ಎರಡನೇ ತಿಂಗಳಿಗೆ ಅಮ್ಮನ ಫೋನು ಬಂತು. ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ಮೂರು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅಮ್ಮ ಹೇಳಿದ ಇನ್ನೊಂದು ಮಾತು: ಅಪ್ಪ ಅಲ್ಲಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ, ತಾವೇ ಓಡಿಸಿಕೊಂಡು ಬರುತ್ತಿದ್ದರು. ಡಯಾಲಿಸಿಸ್ ಆದಮೇಲೆ ಕೆಲವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ಹಾಗೊಂದು ಮಧ್ಯಾಹ್ನ ವಾಪಸು ಬರುವಾಗ ಕಾರು ಡಿವೈಡರಿಗೆ ಉಜ್ಜಿಕೊಂಡು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. "ಡ್ರೈವರ್ ಇಡೋಣ ಅಂದ್ರೆ ಕೇಳಲ್ಲ ಕಣೇ. ನೀನಾದರೂ ಹೇಳು" ಎಂದರು ಅಮ್ಮ.

ಒಂದು ತಿಂಗಳಿಗೆಂದು ಬಂದೆ. ಬಂದ ಮೇಲೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಅಪ್ಪನಿಂದ ಕಾರಖಾನೆ ಹೋಗಿತ್ತು, ನಾಲಿಗೆಯ ಉಪ್ಪು ಹೋಗಿತ್ತು, ಕುಡಿಯುವ ನೀರಿಗೂ ಅಳತೆ ಬಂದಿತ್ತು. ಉಳಿದದ್ದು ಆ ಕೀಲಿಕೈ ಒಂದೇ. ಮೊದಲ ದಿನ ನಾನು ಎಡಗಡೆ ಸೀಟಿನಲ್ಲಿ ಕೂತು ಹೋದೆ. ಎರಡನೇ ದಿನವೂ ಹಾಗೇ. ಅಪ್ಪ ಚೆನ್ನಾಗಿಯೇ ಓಡಿಸುತ್ತಿದ್ದರು. ಆದರೆ ವಾಪಸು ಬರುವಾಗ ತುಂಗಾ ಸೇತುವೆಯ ಮೇಲೆ ಅವರ ಹಣೆಯಲ್ಲಿ ಬೆವರು ಕಂಡೆ. ಹೇಳಬೇಕು ಎಂದು ಬಾಯಿ ತೆರೆದೆ, ಆಗಲಿಲ್ಲ. ಅನಗತ್ಯ ಹಿಂಜರಿಕೆ. ಅವತ್ತು ಏನಾದರೂ ಆಗಿದ್ದರೆ ಆ ತಪ್ಪು ಯಾವ ಲೆಕ್ಕಕ್ಕೆ ಹೋಗುತ್ತಿತ್ತೋ.

ಮೂರನೇ ಸಲ ಆಸ್ಪತ್ರೆಯಿಂದ ಹೊರಗೆ ಬಂದಾಗ, ಮಾತು ಹೊಂದಿಸಿಕೊಂಡು, "ಅಪ್ಪಾ, ಇವತ್ತು ನಾನು..." ಎಂದೆ. ಅವರು ಕಾರಿನ ಹತ್ತಿರ ಹೋಗಿ ಒಂದು ಗಳಿಗೆ ನಿಂತರು. ಆಮೇಲೆ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು, ಸುತ್ತು ಬಳಸಿ ಬಂದು ಎಡಗಡೆಯ ಬಾಗಿಲು ತೆರೆದು ಕೂತರು. "ಕ್ಲಚ್ಚು ಸ್ವಲ್ಪ ಗಟ್ಟಿ ಇದೆ, ನೋಡ್ಕೋ" ಎಂದರು. ಅಷ್ಟೇ. ಘಟ್ಟದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು ಎಂಬ ನಿಯಮವನ್ನು ಆಗುಂಬೆಯ 14 ತಿರುವುಗಳಲ್ಲಿ ನನಗೆ ಹೇಳಿಕೊಟ್ಟವರು ಅವರೇ.

ಅಲ್ಲಿಂದ ನಿಜವಾದ ಪರೀಕ್ಷೆ ಶುರುವಾಯಿತು. ಸ್ವಿಂಡನ್ನಿನ ಐದು ವೃತ್ತ ದಾಟಿದವಳಿಗೆ ನಮ್ಮೂರಿನ ಒಂದು ಸರ್ಕಲ್ ದಾಟಲು ಬರುತ್ತಿರಲಿಲ್ಲ. ಬಲಗಡೆಯವನಿಗೆ ದಾರಿ ಬಿಡುತ್ತಾ ನಿಂತೆ. ಬಲಗಡೆಯವರು ಮುಗಿಯಲೇ ಇಲ್ಲ. ಹಿಂದಿನ ಬಸ್ಸಿನ ಹಾರ್ನಿಗೆ ಅಪ್ಪನ ಮಂಪರು ಹಾರಿಹೋಗುತ್ತಿತ್ತು. ತಮಾಷೆಯೆಂದರೆ ಕಾನೂನು ನಮ್ಮಲ್ಲೂ ಹಾಗೇ ಇದೆ. ಸಿಗ್ನಲ್ಲಿಲ್ಲದ ಕೂಡುರಸ್ತೆಯಲ್ಲಿ, ಮುಖ್ಯರಸ್ತೆ ಎಂಬುದು ಇಲ್ಲದಿದ್ದರೆ, ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಆದರೆ ರಸ್ತೆಯಲ್ಲಿ ನಡೆಯುವ ಮಾತುಕತೆ ಬೇರೆ. ಲಾರಿಯವನು ಬಲಗಡೆಯ ಇಂಡಿಕೇಟರ್ ಹಾಕಿದರೆ ಬಲಕ್ಕೆ ತಿರುಗುತ್ತಾನೆ ಎಂದೂ ಇರಬಹುದು, 'ಎದುರಿಗೆ ಖಾಲಿ ಇದೆ, ನೀನು ಮುಂದೆ ಹೋಗು' ಎಂದೂ ಇರಬಹುದು. ಬೈಕಿನ ಇಂಡಿಕೇಟರ್ ಮಿನುಗುತ್ತಿದ್ದರೆ ಅವನು ಮಾಚೇನಹಳ್ಳಿಯಲ್ಲಿ ಎಲ್ಲೋ ತಿರುಗಿದ್ದ ಎಂದರ್ಥ.

ಒಂದು ಮಧ್ಯಾಹ್ನ ಶಿವಮೊಗ್ಗದ ಒಂದು ಸರ್ಕಲ್ಲಿನಲ್ಲಿ ಸಿಗ್ನಲ್ ಇರಲಿಲ್ಲ, ಶಾಲೆ ಬಿಡುವ ಹೊತ್ತು. ಪುಸ್ತಕದಲ್ಲಿ ಓದಿದ ಆ ಬೀಗ ಕಣ್ಣೆದುರೇ ಬಿತ್ತು. ಬಸ್ಸು ಆಟೋಕ್ಕೆ ಅಡ್ಡ, ಆಟೋ ಶಾಲೆಯ ವ್ಯಾನಿಗೆ ಅಡ್ಡ, ವ್ಯಾನು ನನಗೆ ಅಡ್ಡ, ನಾನು ಬಸ್ಸಿಗೆ ಅಡ್ಡ. ಎಲ್ಲರಿಗೂ ಮುಂದೆ ನಾಲ್ಕಡಿ ಜಾಗ ಬೇಕು, ಯಾರ ಹತ್ತಿರವೂ ಇಲ್ಲ. ಅಪ್ಪನ ಮುಖ ಬಿಳಿಚಿತ್ತು. ನಾನು ಹಾರ್ನಿನ ಮೇಲೆ ಕೈಯಿಟ್ಟೆ. "ಹಿಂದೆ ಬೈಕಿನವನಿಗೆ ಸ್ವಲ್ಪ ಸರಿ ಅನ್ನು. ನೀನು ಒಂದಡಿ ಹಿಂದೆ ತಗೋ" ಎಂದರು ಅಪ್ಪ. "ನಾವ್ಯಾಕೆ ಅಪ್ಪಾ?" ಎಂದೆ. "ಯಾರಾದರೂ ತಗೋಬೇಕಲ್ಲ ಮಾರಾಯ್ತಿ."

ತಗೊಂಡೆ. ಬಸ್ಸು ಮೂತಿ ತಿರುಗಿಸಿತು, ಆಟೋ ಕಳಚಿಕೊಂಡಿತು, ವ್ಯಾನು ಸರಿಯಿತು. ಒಂದೆರಡು ನಿಮಿಷದಲ್ಲಿ ಗಂಟು ಬಿಟ್ಟಿತು. ಬಸ್ಸಿನ ಡ್ರೈವರ್ ಹೋಗುವಾಗ ಗದ್ದ ಸ್ವಲ್ಪ ಮೇಲಕ್ಕೆತ್ತಿದ. ಇಂಗ್ಲೆಂಡಿನ ಎತ್ತಿದ ಕೈಗೆ ನಮ್ಮೂರಿನ ಅನುವಾದ ಅದು ಎಂದು ಅಪ್ಪ ಹೇಳಿದ ಮೇಲೆ ಗೊತ್ತಾಯಿತು. ಮುಂಚೆಯೂ ಅದು ಎಷ್ಟೋ ಸಲ ನನಗೆ ಸಿಕ್ಕಿದ್ದಿರಬೇಕು, ನಾನು ಗಮನಿಸಿರಲಿಲ್ಲ.

ಒಂದು ತಿಂಗಳಿಗೆಂದು ಬಂದವಳು ಎರಡನೇ ವರ್ಷದಲ್ಲಿದ್ದೇನೆ. ಗಂಡನೂ ಈಗ ಬೆಂಗಳೂರಿಗೆ ಬಂದಾಗಿದೆ. ಸ್ವಿಂಡನ್ನಿನ ಲೈಸೆನ್ಸು ಕಪಾಟಿನಲ್ಲಿದೆ. ಡಯಾಲಿಸಿಸ್ ಮುಗಿಸಿ ವಾಪಸು ಬರುವಾಗ ಅಪ್ಪ ನಿದ್ದೆ ಮಾಡುತ್ತಾರೆ. ಮೊದಮೊದಲು ಆ ನಿದ್ದೆಗೆ ಹೆದರುತ್ತಿದ್ದೆ, ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಆದರೆ ಸರ್ಕಲ್ ಬಂದು ಕಾರಿನ ವೇಗ ಇಳಿದ ಕೂಡಲೇ ಅವರಿಗೆ ಅದು ಹೇಗೋ ಗೊತ್ತಾಗುತ್ತದೆ, ಕಣ್ಣು ತೆರೆಯುತ್ತಾರೆ. ನಾನು ಬಲಕ್ಕೆ ನೋಡುತ್ತೇನೆ. ಎಡಕ್ಕೆ ನೋಡುವುದು ಅವರ ಪಾಲಿನ ಕೆಲಸ.

"ಹೋಲ್ಡಾನ್" ಎನ್ನುತ್ತಾರೆ. ಒಬ್ಬ ಸೈಕಲ್ಲಿನವನು ದಾಟುತ್ತಾನೆ, ಅವನ ಹಿಂದೆ ಒಂದು ದನ.

ಆಮೇಲೆ, "ರೈಟ್."