ಬುಟ್ಟಿಯಲ್ಲಿ ಮೊಲ, ಹೊರಗೆ ಬಿಸಿಲು

ಬಾಗಲಕೋಟೆಯಿಂದ ಇಳಕಲ್‌ಗೆ ಮನೆ ಬದಲಿಸುವಾಗ, ಕಿರಿಮಗಳು ಮೊಲವನ್ನು ಬಿಟ್ಟು ಬರಲೊಲ್ಲೆ ಎಂದಳು. ಗುಹೆ ತೋರಿಸುವ ಆಸೆಗೆ ಬಾದಾಮಿ ಸುತ್ತಿ ಹೊರಟದ್ದು ನನ್ನದೇ ತಪ್ಪು. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಲೆಯಾಗುತ್ತದೆ. ಇಳಿಯದೇ ಮುಂದೆ ಸಾಗಿದೆವು.

ಐಹೊಳೆ ದಾಟುವಾಗ ಮಗಳು, “ಅಪ್ಪಾ, ಕಿವಿ ಸುಡಾಕತ್ತಾವ!” ಎಂದಳು. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಕಾವನ್ನು ಹೆಚ್ಚಾಗಿ ಕಿವಿಯ ರಕ್ತನಾಳಗಳಿಂದಲೇ ಹೊರಬಿಡಬೇಕು. ಎಷ್ಟೋ ವರ್ಷ ಪಾಠ ಹೇಳಿದವನಿಗೆ ಇದು ಹೊಳೆದದ್ದು ಆಗ! ಬೇವಿನ ನೆರಳಲ್ಲಿ ನಿಲ್ಲಿಸಿ, ಒದ್ದೆ ಬೆರಳಿಂದ ಕಿವಿ ಸವರಿದೆವು. ಆದರೂ ಹುಲ್ಲು ಮುಟ್ಟಲಿಲ್ಲ. ಹೆದರಿದ ಮೊಲ ಮೇವು ಬಿಟ್ಟರೆ ಕರುಳಿನ ಚಲನೆಯೇ ನಿಲ್ಲಬಹುದು; ಅರ್ಧ ದಿನ ಕಳೆದರೆ ಪ್ರಾಣಕ್ಕೇ ಸಂಚಕಾರ.

ಅಮೀನಗಡದಲ್ಲಿ ಕರದಂಟಿಗೂ ಇಳಿಯಲಿಲ್ಲ. ಹುನಗುಂದದಲ್ಲಿ ಕೊತ್ತಂಬರಿ ಕಟ್ಟು ಕೊಂಡು ಬುಟ್ಟಿಯೊಳಗಿಟ್ಟೆವು. ಯಾರೂ ಮಾತಾಡಲಿಲ್ಲ. ಇಳಕಲ್ ಹತ್ತಿರವಾದಾಗ ಬುಟ್ಟಿಯೊಳಗಿಂದ ಮೆಲ್ಲಗೆ ಕುರುಕುರು ಸದ್ದು ಕೇಳಿತು.