ಪರಭೃತ ಕಡಜ

ಭ್ರಮರಕೀಟನ್ಯಾಯವನ್ನು ಅರಿಯದ ವಾಚಕರು ವಿರಳ. ಭ್ರಮರವು ಕೀಟವೊಂದನ್ನು ತಂದು ಮಣ್ಣಿನ ಗೂಡಿನಲ್ಲಿ ಮುಚ್ಚಿ ಹೊರಗೆ ಝೇಂಕರಿಸುತ್ತಿರುವುದು. ಆ ಭ್ರಮರವನ್ನೇ ಧ್ಯಾನಿಸುತ್ತ ಕೀಟವೂ ಭ್ರಮರವಾಗಿ ಹೊರಬರುವುದು. ಜೀವನು ಧ್ಯಾನದಿಂದ ಬ್ರಹ್ಮವೇ ಆಗುವನೆಂಬುದಕ್ಕೆ ವೇದಾಂತಿಗಳು ಕೊಟ್ಟ ದೃಷ್ಟಾಂತವಿದು. ಪ್ರಾಣಿಶಾಸ್ತ್ರದ ಮಾತು ಬೇರೆ. ತಾಯಿ ಕಡಜವು ಜಡಗೊಳಿಸಿದ ಕೀಟದೊಡನೆ ತನ್ನ ಮೊಟ್ಟೆಯನ್ನಿಡುವುದು. ಮರಿಯು ಆ ಕೀಟವನ್ನು ತಿಂದು ಬೆಳೆದು ಹೊರಬರುವುದು. ಕೀಟವು ಭ್ರಮರವಾಗಲಿಲ್ಲ, ಭ್ರಮರದ ಅನ್ನವಾಯಿತು. ಆದರೆ ಗೂಡನ್ನು ಮುಚ್ಚಿದ ಕಡಜ ಒಂದು, ಹೊರಬರುವ ಕಡಜ ಇನ್ನೊಂದು, ಎಂಬ ಮೂರನೆಯ ಕಥೆಯೂ ಉಂಟು.

ಜೇಡಗಳನ್ನೇ ಬೇಟೆಯಾಡುವ ಕಡಜಗಳ ಕುಟುಂಬಕ್ಕೆ ಪಾಂಪಿಲಿಡೀ ಎಂದು ಹೆಸರು. ಲೋಕದಲ್ಲಿ ಇವುಗಳ ಪ್ರಭೇದಗಳು ಸುಮಾರು 5,000. ಕಾಲುಗಳು ನೀಳ, ನಡೆಯುವಾಗ ರೆಕ್ಕೆಗಳು ಸದಾ ಅದಿರುತ್ತಿರುವುವು. ತಾಯಿಯು ಜೇಡವನ್ನು ಕುಟುಕಿ ಸ್ತಬ್ಧಗೊಳಿಸಿ, ಬಿಲಕ್ಕೆ ಎಳೆದೊಯ್ದು, ಅದರ ಮೇಲೆ ಒಂದೇ ಮೊಟ್ಟೆಯನ್ನಿಡುವುದು. ಒಂದು ಮರಿಗೆ ಒಂದು ಜೇಡ. ಅದರ ಜೀವಿತಕ್ಕೆ ಅಷ್ಟೇ ಬುತ್ತಿ.

ಕಳೆದ ಕಾರ್ತಿಕದಲ್ಲಿ ನಮ್ಮೂರ ಕೆರೆಯ ಏರಿಯ ಮೇಲೆ ಇಂತಹ ಕಡಜವೊಂದು ತನಗಿಂತ ದಪ್ಪನಾದ ಜೇಡವನ್ನು ಹಿಮ್ಮುಖವಾಗಿ ಎಳೆಯುತ್ತಿರುವುದನ್ನು ನಾನೂ ನನ್ನ ತಂಗಿಯ ಮಗಳೂ ಕುಳಿತು ನೋಡಿದೆವು. ಅದು ಜೇಡವನ್ನು ಗರಿಕೆಯ ಬುಡದಲ್ಲಿಟ್ಟು ಬಿಲವನ್ನು ನೋಡಿಬರಲು ಹೋಯಿತು. ಆಗ ಪಕ್ಕದ ಎಲೆಯಿಂದ ಬೇರೊಂದು ಸಣ್ಣ ಕಡಜವು ಇಳಿಯಿತು. ಕರಿಯ ಮೈ, ಅಲ್ಲಲ್ಲಿ ತಿಳಿಹಳದಿಯ ಬೊಟ್ಟು, ಕೆಂಗಾಲು. ಅದು ಜೇಡವನ್ನು ಕದಿಯಲಿಲ್ಲ. ಹೊಟ್ಟೆಯ ತುದಿಯನ್ನು ಜೇಡದ ಅಡಿಗೆ ಕ್ಷಣಕಾಲ ಬಾಗಿಸಿ ಎಲೆಗೆ ಮರಳಿತು. ನಾನು ಅದನ್ನು ಗಾಜಿನ ಶೀಶೆಯಲ್ಲಿ ಹಿಡಿದೆನು.

ಇಂತಹ ಹುಳುಗಳಲ್ಲಿ ಒಂದರ ವೇಷವನ್ನು ಇನ್ನೊಂದು ತಾಳುವುದುಂಟಾದುದರಿಂದ ಬಣ್ಣವನ್ನು ಸಾಕ್ಷಿಯಾಗಿ ನಂಬಲಾಗದು. ಭೂತಗನ್ನಡಿಯಲ್ಲಿ ನೋಡಿದೆನು. ಕಣ್ಣುಗಳ ಒಳಅಂಚು ಹುರುಳಿಕಾಳಿನಂತೆ ಒಳಸರಿದಿದ್ದಿತು. ನೆಲ ತೋಡುವ ಕಡಜಗಳ ಮುಂಗಾಲಿನಲ್ಲಿರುವ ಮುಳ್ಳಿನ ಬಾಚಣಿಗೆ ಇದಕ್ಕಿರಲಿಲ್ಲ. ಬಿಲವನ್ನೇ ತೋಡದವಳಿಗೆ ಅದೇಕೆ? ಹೊಟ್ಟೆಯ ಕೊನೆಯ ಅಡಿತಟ್ಟೆಯು ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿ ಹೊರಚಾಚಿದ್ದಿತು. ಕಂಡ ಕೃತ್ಯವೂ ಈ ಲಕ್ಷಣಗಳೂ ಕೂಡಿ ಒಂದೇ ಹೆಸರನ್ನು ಹೇಳಿದುವು: ಸೆರೋಪೇಲೀಸ್. ಫ್ರೆಂಚ್ ವಿದ್ವಾಂಸನಾದ ಲಾತ್ರೇಯನು 1796ರಲ್ಲಿ ಹೆಸರಿಸಿದ ಕುಲವಿದು. ನಮ್ಮ ದೇಶದ ಕಡಜಗಳನ್ನೂ ಜೇನುಗಳನ್ನೂ ಕುರಿತು ಬಿಂಗ್‌ಹ್ಯಾಮನು 1897ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಇದಕ್ಕೆ ಸ್ಥಾನವುಂಟು.

ಜೇಡದ ಹೊಟ್ಟೆಯ ಅಡಿಯಲ್ಲಿ ಶ್ವಾಸಕೋಶಕ್ಕೆ ಗಾಳಿಯಾಡುವ ಸೀಳುಗಂಡಿಯಿರುವುದು. ಸೆರೋಪೇಲೀಸ್ ತನ್ನ ಮೊಟ್ಟೆಯನ್ನು ಅದರೊಳಗೆ ಬಚ್ಚಿಡುವುದು. ಬೇಟೆಗಾರ್ತಿಯು ಏನೂ ಅರಿಯದೆ ಅದೇ ಜೇಡದ ಮೇಲೆ ತನ್ನ ಮೊಟ್ಟೆಯನ್ನಿಟ್ಟು ಬಿಲವನ್ನು ಮುಚ್ಚುವುದು. ಕಳ್ಳಮರಿಯು ಮೊದಲು ಒಡೆದು, ಒಡೆಯಳ ಮೊಟ್ಟೆಯನ್ನು ನಾಶಮಾಡಿ, ಬುತ್ತಿಯನ್ನೆಲ್ಲ ತಾನೇ ಉಣ್ಣುವುದು. ಪರರಿಂದ ಪೋಷಿತವೆಂದು ಕೋಗಿಲೆಯನ್ನು ಪರಭೃತವೆಂದರು ಹಿರಿಯರು. ಕಾಗೆಯು ತಾನು ಸಾಕುವ ಮರಿಯ ಮುಖವನ್ನಾದರೂ ಕಾಣುವುದು. ಈ ತಾಯಿಗೆ ಅದೂ ಇಲ್ಲ.

ಪ್ರಭೇದವನ್ನು ನಿರ್ಣಯಿಸಬೇಕಾದರೆ ಕಡಜವನ್ನು ಕೊಂದು ಸೂಜಿಗೆ ಚುಚ್ಚಿ ಸಂಗ್ರಹಾಲಯದ ಮಾದರಿಗಳೊಡನೆ ಹೋಲಿಸಬೇಕು. ಅಪರೂಪದ ಹುಳು, ಚೀಲದಲ್ಲಿ ಈಥರಿನ ಶೀಶೆಯೂ ಇದ್ದಿತು. ಅಷ್ಟರಲ್ಲಿ ಬೇಟೆಗಾರ್ತಿಯು ಹಿಂತಿರುಗಿ ಜೇಡವನ್ನು ಕಚ್ಚಿ ಎಳೆಯತೊಡಗಿತು. ಹುಡುಗಿಯು ನನ್ನ ತೋಳನ್ನು ಹಿಡಿದು, “ಮಾವ, ಅದಕ್ಕೆ ಹೇಳಬಾರದೇ?” ಎಂದಳು.

ಹೇಳುವ ಬಗೆ ಒಂದಿದ್ದಿತು: ಜೇಡವನ್ನು ಕಿತ್ತು ಎಸೆಯಬಹುದಾಗಿತ್ತು. ಹಾಗೆ ಮಾಡಿದರೆ ಒಬ್ಬಳ ದುಡಿಮೆಯೂ ಇನ್ನೊಬ್ಬಳ ಸಂತತಿಯೂ ಕೂಡಿಯೇ ಹೋಗುವುವು. ಇಬ್ಬರಲ್ಲಿ ಯಾರ ಪಕ್ಷವನ್ನು ವಹಿಸುವುದಕ್ಕೂ ನನಗೆ ಅಧಿಕಾರವಿದೆಯೆಂದು ತೋರಲಿಲ್ಲ. ಶೀಶೆಯ ಮುಚ್ಚಳವನ್ನು ತೆಗೆದೆನು. ಟಿಪ್ಪಣಿ ಪುಸ್ತಕದಲ್ಲಿ ಕುಲದ ಹೆಸರನ್ನು ಬರೆದು, ಪ್ರಭೇದದ ಜಾಗವನ್ನು ಬರಿದಾಗಿಯೇ ಬಿಟ್ಟು, ಅದರ ಕೆಳಗೆ ಕಂಡ ಕೃತ್ಯವನ್ನು ಬರೆದೆನು. ಸೂಜಿಗೆ ಚುಚ್ಚಿದ ಹುಳುವು ಪ್ರಭೇದವನ್ನು ಹೇಳುತ್ತಿದ್ದಿತು; ಕೃತ್ಯವನ್ನು ಹೇಳುತ್ತಿರಲಿಲ್ಲ.

ಹುಡುಗಿಯು ಬಿಲದ ಬಳಿಯಿಂದ ಏಳಲೊಲ್ಲಳು. ಬೇಟೆಗಾರ್ತಿಯು ಹೊರಬಂದು ಮಣ್ಣನ್ನು ತುಂಬಿ, ಹೊಟ್ಟೆಯ ತುದಿಯಿಂದ ಒಂದೇ ಸಮನೆ ತಟ್ಟಿ ತಟ್ಟಿ ನೆಲವನ್ನು ಗಟ್ಟಿಮಾಡುತ್ತಿದ್ದಿತು.