ಮರಗಳ ಹೊಸ ವರ್ಷಕ್ಕೆ ಒಂದು ಬಟ್ಟಲು ಹಣ್ಣು

ಜೆರುಸಲೇಮಿನ ಮಹನೆ ಯೆಹೂದಾ ಮಾರುಕಟ್ಟೆಯಲ್ಲಿ ಗಲ್ಲಿಗಳಿಗೂ ಹಣ್ಣುಗಳದೇ ಹೆಸರು. ಒಂದು ಸೇಬಿನ ಬೀದಿ, ಇನ್ನೊಂದು ಪೀಚ್ ಬೀದಿ, ಮತ್ತೊಂದು ಬಾದಾಮಿ ಬೀದಿ. ಮೇಲೆ ಚಾವಣಿಯಿರುವ ದೊಡ್ಡ ಓಣಿ ಎತ್ಸ್ ಹಯೀಮ್, ಜೀವವೃಕ್ಷದ ಬೀದಿ. ತು ಬಿಶ್ವತ್ ಹಬ್ಬದ ಮುನ್ನಾದಿನ ಆ ಓಣಿಗೆ ಕಾಲಿಟ್ಟವಳು ಬೆರಗಾಗಿ ನಿಂತುಬಿಟ್ಟೆ. ಎರಡೂ ಕಡೆ ಒಣಹಣ್ಣಿನ ರಾಶಿಗಳು: ಹೊಂಬಣ್ಣದ ಏಪ್ರಿಕಾಟ್, ದಾರಕ್ಕೆ ಪೋಣಿಸಿದ ಅಂಜೂರ, ಹೆಬ್ಬೆರಳಿಗಿಂತ ದಪ್ಪನೆಯ ಮೆಜೂಲ್ ಖರ್ಜೂರ.

ಯೆಹೂದಿ ಪಂಚಾಂಗದ ಶೆವಾತ್ ತಿಂಗಳ 15ನೇ ದಿನ ಬರುವ ತು ಬಿಶ್ವತ್ ಮರಗಳ ಹೊಸ ವರ್ಷ. ನಮ್ಮ ಲೆಕ್ಕದಲ್ಲಿ ಜನವರಿ ಅಥವಾ ಫೆಬ್ರವರಿ. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಆದರೆ ಬಾದಾಮಿ ಮರಗಳು ಆಗಲೇ ಬಿಳಿ ಹೂ ಹೊತ್ತಿರುತ್ತವೆ. ತಾಜಾ ಹಣ್ಣು ಕಡಿಮೆಯಾಗುವ ಈ ಕಾಲದಲ್ಲಿ ಹಬ್ಬವನ್ನು ಒಣಹಣ್ಣೇ ನಡೆಸಿಕೊಡುತ್ತದೆ. ಹಿಂದೆ ಯುರೋಪಿನ ಯೆಹೂದಿಗಳಿಗೆ ಪವಿತ್ರ ಭೂಮಿಯ ಫಲವೆಂದು ಸಿಗುತ್ತಿದ್ದುದೂ ದೂರದ ಪಯಣ ತಾಳಿಕೊಳ್ಳುವ ಒಣ ಅಂಜೂರ, ಖರ್ಜೂರ, ಕ್ಯಾರಬ್ ಕಾಯಿಗಳೇ.

ನಾನು ಉಳಿದುಕೊಂಡಿದ್ದ ಮನೆಯ ಹಿರಿಯಾಕೆ ಅಂದು ಮಾಡಲಿದ್ದುದು ಹಣ್ಣಿನ ಕಾಂಪೋಟ್. ಹಣ್ಣನ್ನು ನೀರಿನಲ್ಲಿ ಬೇಯಿಸಿದರೆ ಮುಗಿಯಿತು, ಇದರಲ್ಲಿ ಕೋಷರ್ ಎಂಬ ಯೆಹೂದಿ ಆಹಾರ ನಿಯಮಕ್ಕೇನು ಕೆಲಸ ಎಂದು ಕೇಳಿದೆ. "ಕೆಲಸ ಶುರುವಾಗುವುದು ತೋಟದಲ್ಲಮ್ಮ, ಒಲೆಯ ಮೇಲಲ್ಲ" ಎಂದರು.

ನೆಟ್ಟ ಮರದ ಮೊದಲ ಮೂರು ವರ್ಷದ ಫಲವನ್ನು ತಿನ್ನುವಂತಿಲ್ಲ. ಅದಕ್ಕೆ ಓರ್ಲಾ ಎನ್ನುತ್ತಾರೆ. ಇನ್ನು ಇಸ್ರೇಲಿನ ನೆಲದಲ್ಲಿ ಬೆಳೆದ ಹಣ್ಣಾದರೆ ತಿನ್ನುವ ಮೊದಲು ಅದರಲ್ಲೊಂದು ಪಾಲನ್ನು ತೆಗೆದಿಡಬೇಕು. ಈ ಪಾಲು ಯಾವ ವರ್ಷದ ಫಸಲಿನದು ಎಂದು ಗೊತ್ತುಮಾಡಲು ವರ್ಷದ ಗಡಿಯೊಂದು ಬೇಕಲ್ಲ? ಆ ಗಡಿಯೇ ಈ ಹಬ್ಬ. ಶೆವಾತ್ ಒಂದೋ ಹದಿನೈದೋ ಎಂದು ಎರಡು ಸಾವಿರ ವರ್ಷಗಳ ಹಿಂದೆ ಶಮ್ಮಾಯ್ ಮತ್ತು ಹಿಲ್ಲೆಲ್ ಪಂಥಗಳ ಪಂಡಿತರು ವಾದಿಸಿದ್ದರು. ಹಿಲ್ಲೆಲ್ ಪಂಥದ ಹದಿನೈದು ನಿಂತಿತು. ಇದನ್ನು ಕೇಳಿದ ಮೇಲೆ, ಮಾರುಕಟ್ಟೆಯ ಅಂಗಡಿಯ ಗೋಡೆಯ ಮೇಲೆ ತೂಗುತ್ತಿದ್ದ ಕೋಷರ್ ಪ್ರಮಾಣಪತ್ರ ನನ್ನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಈ ಹಣ್ಣಿಗಾಗಿ ಕಾಯಬೇಕಾದಷ್ಟು ಕಾದಿದ್ದಾರೆ, ತೆಗೆದಿಡಬೇಕಾದ ಪಾಲು ತೆಗೆದಿಟ್ಟಿದ್ದಾರೆ ಎಂಬ ಭರವಸೆ ಅದು.

ಅಡುಗೆಮನೆಯಲ್ಲಿ ಮೊದಲ ಕೆಲಸ ಹುಳ ನೋಡುವುದು. ಹುಳ ತಿನ್ನುವುದು ನಿಷಿದ್ಧ. ಒಂದೊಂದೇ ಅಂಜೂರವನ್ನು ಸೀಳಿ, ಒಳಗನ್ನು ಹೊರಗೆ ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಖರ್ಜೂರದ ಬೀಜ ತೆಗೆದು ಅದರ ಒಡಲನ್ನೂ ನೋಡಬೇಕು. ಜೀವಮಾನವಿಡೀ ಅಂಜೂರ ತಿಂದಿದ್ದರೂ ಅದರೊಳಗೆ ಇಷ್ಟು ಚಿನ್ನದ ಕಾಳುಗಳಿವೆಯೆಂದು ನಾನು ಕಂಡದ್ದು ಅಂದೇ.

ಇನ್ನೂರು ಗ್ರಾಂ ಏಪ್ರಿಕಾಟ್, ಅಷ್ಟೇ ಒಣ ಪ್ಲಮ್, ಹತ್ತು ಅಂಜೂರ, ಒಂದು ಹಿಡಿ ಒಣದ್ರಾಕ್ಷಿಗೆ ಒಂದು ಲೀಟರ್ ನೀರು. ಒಂದು ತುಂಡು ಚಕ್ಕೆ, ಉದ್ದಕ್ಕೆ ಸುಲಿದ ಕಿತ್ತಳೆ ಸಿಪ್ಪೆ. ಸಕ್ಕರೆ ಬೇಡ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ಖರ್ಜೂರ ಬೇಗ ಕರಗುವುದರಿಂದ ಅದು ಕೊನೆಗೆ. ತಣಿದ ಮೇಲೆ ಹುರಿದ ಬಾದಾಮಿ. ಬೆಣ್ಣೆ, ಕೆನೆ ಯಾವುದೂ ಇಲ್ಲ. ಮಾಂಸದೂಟದ ಮೇಲೆ ಹಾಲಿನ ಪದಾರ್ಥ ಬರುವಂತಿಲ್ಲ, ಹಲವರು ಆರು ಗಂಟೆ ಕಾಯುತ್ತಾರೆ. ಹಣ್ಣು ಮಾತ್ರ ಪಾರ್ವೆ. ಅತ್ತ ಮಾಂಸವೂ ಅಲ್ಲ, ಇತ್ತ ಹಾಲೂ ಅಲ್ಲ, ಎಲ್ಲರ ಪಂಕ್ತಿಗೂ ಸಲ್ಲುತ್ತದೆ.

ರಾತ್ರಿ ಮೇಜಿನ ಮೇಲೆ ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ ಸೇರಿದವು. ಬೈಬಲಿನ ಧರ್ಮೋಪದೇಶಕಾಂಡ ಈ ನಾಡನ್ನು ಹೊಗಳುವಾಗ ಎಣಿಸುವ ಏಳು ಬೆಳೆಗಳಿವು. ಅಲ್ಲಿ ಹೇಳಿರುವ ಜೇನು ಖರ್ಜೂರದ ಪಾಕವೆಂದೇ ಪರಂಪರೆಯ ಅರ್ಥ. ಸಫೇದ್ ಊರಿನ ಅನುಭಾವಿಗಳ ಪರಂಪರೆಯಿಂದ ಬಂದ ಕ್ರಮದಂತೆ ನಾಲ್ಕು ಬಟ್ಟಲು ದ್ರಾಕ್ಷಾರಸ. ಮೊದಲನೆಯದು ಪೂರ್ತಿ ಬಿಳಿ, ಆಮೇಲೆ ಹಂತಹಂತವಾಗಿ ಕೆಂಪು ಬೆರೆಯುತ್ತದೆ. ಚಳಿಗಾಲ ವಸಂತಕ್ಕೆ ಹೊರಳುವ ಹಾಗೆ. ಮರದ ಫಲವನ್ನು ಸೃಷ್ಟಿಸಿದವನನ್ನು ಸ್ತುತಿಸಿ ಎಲ್ಲರೂ ಕಾಂಪೋಟಿಗೆ ಚಮಚ ಹಾಕಿದರು. ಹುಳಿ, ಸಿಹಿ, ಚಕ್ಕೆಯ ಘಮ ಒಟ್ಟಿಗೇ ನಾಲಿಗೆಗೆ ಬಂದವು.

ಮರುದಿನ ಮೃತ ಸಮುದ್ರದ ದಂಡೆ ಹಿಡಿದು ದಕ್ಷಿಣಕ್ಕೆ, ಅರಾವಾ ಮರುಭೂಮಿಯ ಕೆತುರಾಗೆ ಹೊರಟೆ. ದಾರಿಯಲ್ಲಿ ಮಸಾಡಾ ಕೋಟೆಯ ಬೆಟ್ಟ. ಅಲ್ಲಿ 1960ರ ದಶಕದ ಉತ್ಖನನದಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವನ್ನು ಕೆತುರಾದಲ್ಲಿ ಕೃಷಿತಜ್ಞೆ ಎಲೇನ್ ಸೊಲೊವೇ 2005ರಲ್ಲಿ ನೆಟ್ಟರು. ನೆಟ್ಟ ದಿನ ತು ಬಿಶ್ವತ್. ಬೀಜ ಮೊಳೆಯಿತು! ಮೆತೂಸೆಲಾ ಎಂದು ಹೆಸರಿಟ್ಟ ಆ ಮರ ಗಂಡು. ಅಷ್ಟೇ ಪ್ರಾಚೀನವಾದ ಇನ್ನೊಂದು ಬೀಜದಿಂದ ಹುಟ್ಟಿದ ಹೆಣ್ಣು ಮರ ಹನ್ನಾಗೆ ಅದರ ಪರಾಗ ಸೋಕಿಸಿದರು. 2020ರಲ್ಲಿ ಹನ್ನಾ ಹಣ್ಣು ಕೊಟ್ಟಿತು.

ಮೂರು ವರ್ಷ ಕಾಯಿರಿ ಎನ್ನುವ ನಿಯಮ ಎಷ್ಟು ಕಠಿಣವೆಂದು ಜೆರುಸಲೇಮಿನಲ್ಲಿ ಅನ್ನಿಸಿತ್ತು. ಕೆತುರಾದಲ್ಲಿ ಅದು ಅತಿ ಸಣ್ಣ ಬೇಡಿಕೆಯಾಗಿ ಕಂಡಿತು. ಮರ ನಮಗಾಗಿ ಎಷ್ಟು ಕಾಯಬಲ್ಲದೆಂದು ತಿಳಿದ ಮೇಲೆ, ಅದಕ್ಕೊಂದು ಹೊಸ ವರ್ಷ ಮಾಡಿ ಹಣ್ಣು ಹಂಚುವುದು ಮನುಷ್ಯ ಸಲ್ಲಿಸಬಹುದಾದ ಕನಿಷ್ಠ ಕೃತಜ್ಞತೆ.